ಕಾಳಜಿ: ಒಂದು ಮಾತು, ಎರಡು ಕ್ರಿಯಾಪದ

ಸೊಲ್ಲಾಪುರದ ಕನ್ನಡ ಮನೆಗಳಲ್ಲಿ ಒಂದೇ ಗಳಿಗೆಯಲ್ಲಿ ಎರಡು ಮಾತು ಕೇಳಿಸುತ್ತವೆ. ಪುಣೆಯ ಬಸ್ಸು ಹತ್ತುವ ಮಗನಿಗೆ ಅವ್ವ "ಕಾಳಜಿ ತಗೋ ಎಪ್ಪಾ" ಅನ್ನುತ್ತಾಳೆ. ಬಸ್ಸು ಹೊರಟ ಮೇಲೆ ಕಣ್ಣೊರೆಸಿಕೊಳ್ಳುವ ಅವಳಿಗೆ ಪಕ್ಕದ ಮನೆಯಾಕೆ "ಕಾಳಜಿ ಮಾಡಬ್ಯಾಡವ್ವಾ" ಅನ್ನುತ್ತಾಳೆ. ಒಬ್ಬಳು ಕಾಳಜಿ ಇರಲಿ ಅನ್ನುತ್ತಾಳೆ, ಇನ್ನೊಬ್ಬಳು ಬೇಡ ಅನ್ನುತ್ತಾಳೆ. ನಾಮಪದ ಒಂದೇ, ಕ್ರಿಯಾಪದ ಬೇರೆ. "ತಗೋ" ಸೇರಿದರೆ ಜೋಪಾನ, "ಮಾಡು" ಸೇರಿದರೆ ಚಿಂತೆ. ಮೂರನೆಯ ಪ್ರಯೋಗವೂ ಒಂದಿದೆ: "ಮಗನ ಕಾಳಜಿ ಹತ್ತೇದ." ಇಲ್ಲಿ ಮನುಷ್ಯ ಏನನ್ನೂ ಮಾಡುವುದಿಲ್ಲ, ಕಾಳಜಿಯೇ ಬಂದು ಅವನನ್ನು ಹಿಡಿಯುತ್ತದೆ. ಬೆಂಕಿ, ಚಟ, ಬೇನೆ ಇವೆಲ್ಲ ನಮ್ಮ ಮಾತಿನಲ್ಲಿ ಹತ್ತುವಂಥವೇ.

ಬೆಂಗಳೂರು, ಮೈಸೂರಿನ ಓದುಗರಿಗೆ "ಕಾಳಜಿ ಮಾಡಬ್ಯಾಡ" ಎಂಬುದು ಕಠೋರವಾಗಿ ಕೇಳಿಸೀತು. ಅಲ್ಲಿ ಕಾಳಜಿಗೆ ಒಳ್ಳೆಯ ಅರ್ಥ ಮಾತ್ರ ಉಳಿದಿದೆ. ಸಾಮಾಜಿಕ ಕಾಳಜಿ, ಪರಿಸರ ಕಾಳಜಿ, ನೆರೆ ಬಂದಾಗ ಸರ್ಕಾರ ತೆರೆಯುವ ಕಾಳಜಿ ಕೇಂದ್ರ. ಹಾಗಿರುವಾಗ ಬೇಡ ಅನ್ನುವುದು ಹೇಗೆ? ಭೀಮೆಯ ಆಚೀಚೆ, ಮರಾಠಿ ಮತ್ತು ಕನ್ನಡ ಒಂದೇ ಅಂಗಳದಲ್ಲಿ ಆಡುವ ಕಡೆ ಈ ಪದ ತನ್ನ ಎರಡೂ ಅರ್ಥಗಳನ್ನು ಇಟ್ಟುಕೊಂಡಿದೆ. ಆ ಉಳಿದ ಅರ್ಥ ಈಗ ಬಹಳ ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ.

ಕಾರಣವಿದೆ. ಮನೆ ನಡೆಸುವ, ಸಾಲ ತೀರಿಸುವ, ಮಕ್ಕಳ ಫೀ ಕಟ್ಟುವ ವಯಸ್ಸಿನವರು ಮನಸ್ಸಿನ ಒತ್ತಡಕ್ಕೆ, ಹಗಲಿರುಳು ಬಿಡದ ಕಳವಳಕ್ಕೆ ಚಿಕಿತ್ಸೆ ಪಡೆಯುವ ವಿಚಾರ ಇಂಥ ಊರುಗಳಲ್ಲೂ ಬಾಯಿಗೆ ಬರುತ್ತಿದೆ. ಆದರೆ ಡಾಕ್ಟರ ಮುಂದೆ ಕೂತಾಗ ಏನೆಂದು ಹೇಳಿಕೊಳ್ಳಬೇಕು? ಮರಾಠಿ ಫಲಕದ "ಮಾನಸೋಪಚಾರ" ದೂರದ್ದು. ಕನ್ನಡ ಪುಸ್ತಕದ "ಆತಂಕ ಮನೋಬೇನೆ" ಇನ್ನೂ ದೂರದ್ದು. ನಾಲಿಗೆಯ ಮೇಲೆ ಇರುವುದು ಕಾಳಜಿ. ಆ ಮಾತಿನ ಬೇರು ಎಲ್ಲಿದೆ ಎಂದು ನೋಡಿದರೆ, ಅದು ಬೇನೆಯ ಬಗ್ಗೆಯೂ ಆರೈಕೆಯ ಬಗ್ಗೆಯೂ ಬಹಳ ಹೇಳುತ್ತದೆ.

ಮೊದಲು ಮೂಲ. ಮೋಲ್ಸ್‌ವರ್ತ್ 1831ರಲ್ಲಿ ಹೊರತಂದು 1857ರಲ್ಲಿ ಪರಿಷ್ಕರಿಸಿದ ಮರಾಠಿ ನಿಘಂಟು "ಕಾಳಜೀ" ಪದವನ್ನು "ಕಾಳೀಜ" ಎಂಬುದಕ್ಕೆ ಜೋಡಿಸುತ್ತದೆ. ಕಾಳೀಜ ಅಂದರೆ ಯಕೃತ್ತು, ಲಿವರ್. ಬಳಕೆಯಲ್ಲಿ ಎದೆ, ಜೀವ, ಧೈರ್ಯ. ಮರಾಠಿಯಲ್ಲಿ ಎದೆಗಾರನಿಗೆ ಹುಲಿಯ ಕಾಳೀಜ ಇರುತ್ತದೆ, ಮುದ್ದಿನ ಮಗು ಕಾಳಜಾಚಾ ತುಕಡಾ ಆಗುತ್ತದೆ. ಗುಜರಾತಿಯ ಕಾಳಜುಂ, ಹಿಂದಿಯ ಕಲೇಜಾ ಇದೇ ಬಳಗ, ಗುಜರಾತಿಯಲ್ಲೂ ಕಾಳಜಿಗೆ ಜೋಪಾನ ಎಂಬ ಅರ್ಥವಿದೆ. ಪ್ರಾಕೃತದ ದಾರಿಯಲ್ಲಿ ಹಿಂದಕ್ಕೆ ಹೋದರೆ ಸಂಸ್ಕೃತದ "ಕಾಲೇಯ" ಸಿಗುತ್ತದೆ. ಅಮರಕೋಶ ಯಕೃತ್ತಿಗೆ "ಕಾಲಖಂಡ" ಎಂಬ ಇನ್ನೊಂದು ಹೆಸರು ಕೊಡುತ್ತದೆ. ಕಾಲ ಅಂದರೆ ಕಪ್ಪು, ಕಾಲಖಂಡ ಅಂದರೆ ಕಪ್ಪು ತುಂಡು. ನಮ್ಮ ಮಟನ್ ಅಂಗಡಿಗಳಲ್ಲಿ ತೂಗುವ ಕಲೇಜಿಯೂ ತಾಯಂದಿರು ಮಾಡುವ ಕಾಳಜಿಯೂ ಒಂದೇ ಬೇರಿನವು.

ಮನಸ್ಸಿನ ತಳಮಳಕ್ಕೆ ಯಕೃತ್ತಿನ ಹೆಸರೇಕೆ? ಮರಾಠಿಯೊಂದೇ ಹೀಗೆ ಮಾಡಿದ್ದಲ್ಲ. ಪಾರಸಿಯಲ್ಲಿ ಯಕೃತ್ತು "ಜಿಗರ್". ನಾವು ಜಿಗರಿ ದೋಸ್ತ್ ಅನ್ನುವಾಗ ಅದೇ ಅಂಗವನ್ನು ಕರೆಯುತ್ತೇವೆ. ಇಂಡೋನೇಷ್ಯಾದ ಭಾಷೆಯಲ್ಲಿ "ಹಾತಿ" ಅಂದರೆ ಯಕೃತ್ತೂ ಹೌದು, ಮನಸ್ಸೂ ಹೌದು, "ಹಾತಿ-ಹಾತಿ" ಎಂದು ಎರಡು ಸಲ ಅಂದರೆ ಹುಷಾರು ಎಂದರ್ಥ. ಮರಾಠಿಯಲ್ಲಿ ನಡೆದದ್ದೇ ಸಮುದ್ರದಾಚೆ ಬೇರೆ ಕುಲದ ಭಾಷೆಯೊಂದರಲ್ಲೂ ನಡೆದಿದೆ: ಒಳಗಿನ ಅಂಗದ ಹೆಸರು ಎಚ್ಚರಿಕೆಯ ಮಾತಾಗಿದೆ. ಕನ್ನಡ ಕರುಳನ್ನೂ ಹೊಟ್ಟೆಯನ್ನೂ ಗುಂಡಿಗೆಯನ್ನೂ ಆರಿಸಿಕೊಂಡಿತು. ಕರುಳು ಚುರ್ ಅನ್ನುತ್ತದೆ, ಹೊಟ್ಟೆ ಉರಿಯುತ್ತದೆ, ಗಟ್ಟಿ ಗುಂಡಿಗೆ ಬೇಕಾಗುತ್ತದೆ.

ದೇಹಶಾಸ್ತ್ರವೂ ಈ ಮಾತಿಗೆ ತೀರ ದೂರವಿಲ್ಲ. ಹೆದರಿಕೆಯಾದಾಗ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಎದೆ ಬಡಿತ ಏರುತ್ತದೆ, ಉಸಿರು ಮೇಲಾಗುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಓಡಲು ಇಲ್ಲವೇ ಎದುರಿಸಲು ಬೇಕಾದ ಶಕ್ತಿಗಾಗಿ ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಮರಾಠಿಗರು ಇದನ್ನು ತಿಳಿದೇ ಹೆಸರಿಟ್ಟರು ಅನ್ನಲಾಗದು. ಆದರೆ ಚಿಂತೆ ಮೈಯಲ್ಲಿ ನಡೆಯುವ ಸಂಗತಿ ಎಂಬುದು ಆಡುವವರ ಅನುಭವದಲ್ಲಿ ಇತ್ತು. ಇವತ್ತಿಗೂ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ದವಾಖಾನೆಗಳಲ್ಲಿ ಕಳವಳ ಬರುವುದು ಮೈಯ ಮಾತಿನಲ್ಲೇ. "ಎದಿ ಧಡಧಡ ಅಂತದ್ರೀ, ಕೈಕಾಲು ಥಂಡಗಾಗ್ತಾವ, ಹೊಟ್ಟ್ಯಾಗ ಕಲಸಿದಂಗಾಗ್ತದ, ನಿದ್ದಿ ಹತ್ತೂದಿಲ್ಲ." ಇಸಿಜಿ ಸರಿಯಿರುತ್ತದೆ, ಥೈರಾಯಿಡ್ ಪರೀಕ್ಷೆಯೂ ಸರಿಯಿರುತ್ತದೆ. "ಏನೂ ಆಗಿಲ್ಲ, ಟೆನ್ಶನ್ ತಗೋಬ್ಯಾಡ" ಎಂಬ ಉತ್ತರದೊಂದಿಗೆ ಮನುಷ್ಯ ಮನೆಗೆ ಮರಳುತ್ತಾನೆ. ಆಗಿರುವುದನ್ನು ಆಗಿಲ್ಲ ಅನ್ನಿಸಿಕೊಂಡವನ ಎದೆ ಮತ್ತೆ ಬಡಿದುಕೊಳ್ಳುತ್ತದೆ.

ಮೈಯ ಮಾತನ್ನೇ ಮುಂದಿಡುವುದಕ್ಕೆ ಸಾಮಾಜಿಕ ಕಾರಣವೂ ಉಂಟು. ನಿಮ್ಹಾನ್ಸ್‌ನ ಆರ್. ರಘುರಾಮ್, ಮಿಚೆಲ್ ವೈಸ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಖಿನ್ನತೆಯ ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನಸ್ಸಿನ ಲಕ್ಷಣಗಳು ಹೆಚ್ಚಿದಂತೆ ಜನ ಕಳಂಕಕ್ಕೆ ಹೆಚ್ಚು ಅಂಜುತ್ತಿದ್ದರು, ಮೈನೋವಿನ ಲಕ್ಷಣಗಳಿದ್ದವರಲ್ಲಿ ಆ ಅಂಜಿಕೆ ಕಡಿಮೆ ಇತ್ತು. ಮೈಕೈ ನೋವು ಎಲ್ಲರಿಗೂ ಬರುವಂಥದ್ದು, ಹೇಳಿಕೊಂಡರೆ ಯಾರೂ ಹಂಗಿಸುವುದಿಲ್ಲ. ಮನಸ್ಸು ಸರಿಯಿಲ್ಲ ಅಂದರೆ ಮಗಳ ಮದುವೆಯ ಮಾತು ನಿಂತೀತು. ಕಾಳಜಿ ಎಂಬ ಪದ ಈ ಎರಡರ ನಡುವೆ ನಿಲ್ಲುತ್ತದೆ. ಅದು ಮನಸ್ಸಿನದು, ಆದರೂ ಅದನ್ನು ಹೇಳಿಕೊಂಡರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ತಾಯಿಗೆ ಕಾಳಜಿ ಇರುತ್ತದೆ, ರೈತನಿಗೆ ಇರುತ್ತದೆ, ಡಾಕ್ಟರಿಗೂ ಇರುತ್ತದೆ.

ಕಾಳಜಿ ಹಳಗನ್ನಡದ ಮಾತಲ್ಲ. ಅದು ಬರುವ ಮೊದಲೂ ಈ ನೆಲದ ಜನ ಕಳವಳಪಟ್ಟಿದ್ದಾರೆ, ಅದಕ್ಕೆ ಮಾತೂ ಇದ್ದವು: ಅಳಲು, ಉಮ್ಮಳ, ತಲ್ಲಣ, ಕಳವಳ, ಚಿಂತೆ, ಸಂಕಟ. ಇವುಗಳಲ್ಲಿ ಸಂಕಟದ ಕಥೆ ದೊಡ್ಡದು. ಸಂಸ್ಕೃತದಲ್ಲಿ ಸಂಕಟ ಅಂದರೆ ಇಕ್ಕಟ್ಟಾದದ್ದು, ಕಿರಿದಾದ ದಾರಿ. ಜಾಗದ ಇಕ್ಕಟ್ಟು ಜೀವದ ಇಕ್ಕಟ್ಟಾಯಿತು. ಲ್ಯಾಟಿನ್ನಿನಲ್ಲಿ ಕತ್ತು ಹಿಸುಕುವುದಕ್ಕೆ ಇದ್ದ "ಆಂಗೆರೆ" ಎಂಬ ಧಾತುವಿನಿಂದ ಇಂಗ್ಲಿಷಿನ ಆಂಗ್ಸೈಟಿ ಹುಟ್ಟಿತು. ವೇದದ "ಅಂಹಸ್" ಕೂಡ ಅದೇ ಹಳೆಯ ಬೇರಿನ ಕುಡಿ, ಅದೂ ಇಕ್ಕಟ್ಟಿನ ಮಾತೇ. ಉಸಿರು ಸಿಕ್ಕಿಕೊಂಡಂತಾಗುವ ಅನುಭವ ಈ ಎಲ್ಲ ಭಾಷೆಗಳ ಹಿಂದೆ ಇದೆ.

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ, ಅಲ್ಲಿಯ ದೊಡ್ಡ ಚೇತನ 12ನೆಯ ಶತಮಾನದ ಸಿದ್ಧರಾಮ. ರಾಘವಾಂಕ ಬರೆದ ಸಿದ್ಧರಾಮ ಚರಿತೆಯಲ್ಲಿ ಬಾಲಕ ಸಿದ್ಧರಾಮನ ಅಳಲು ಮೈ ತುಂಬಿಕೊಂಡು ಬರುತ್ತದೆ. ದನ ಕಾಯುವ ಹುಡುಗನ ಹತ್ತಿರ ಮಲ್ಲಯ್ಯ ಬಂದು ಉಣ್ಣಲು ಬೇಡುತ್ತಾನೆ. ಹುಡುಗ ಮನೆಗೆ ಓಡಿ ಬುತ್ತಿ ತರುವಷ್ಟರಲ್ಲಿ ಮಲ್ಲಯ್ಯ ಕಾಣುವುದಿಲ್ಲ. ಹುಡುಕುತ್ತ ಅಳುತ್ತ ಅವನು ಶ್ರೀಶೈಲದವರೆಗೆ ನಡೆಯುತ್ತಾನೆ, ಅಲ್ಲಿಯೂ ಸಿಗದಾಗ ಕಮರಿಗೆ ಬೀಳಲು ಹೊರಡುತ್ತಾನೆ. ಆಗ ಮಲ್ಲಿಕಾರ್ಜುನ ಬಂದು ಕಾಪಾಡುತ್ತಾನೆ. ಭಕ್ತಿಯ ಕಥೆ ಇದು, ಬೇನೆಯ ವರದಿಯಲ್ಲ. ಆದರೂ ತಾಳಲಾರದ ಅಳಲಿನ ತುದಿಯಲ್ಲಿ ನಿಂತವನಿಗೆ ಉಪದೇಶಕ್ಕಿಂತ ಮೊದಲು ಬೇಕಾದದ್ದು ಹಿಡಿಯುವ ಕೈ ಎಂಬುದನ್ನು ಈ ಊರಿನ ಕಥೆ ಮರೆತಿಲ್ಲ.

ಮುಂದೆ ದೊಡ್ಡವನಾದ ಸಿದ್ಧರಾಮ ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ಲೋಕದ ಹಿತಕ್ಕೆ ದುಡಿದ. ಆಗ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು ಅವನನ್ನು ಒಡ್ಡರವನೆಂದು ಕರೆದು ಕೆಣಕಿದ್ದನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಹೊರಗಿನ ಕೆಲಸದಲ್ಲೇ ಮುಳುಗಿ ಒಳಗನ್ನು ನೋಡದಿರುವುದು ಅಲ್ಲಮನ ತಕರಾರು. ಇಂದಿನ ಮಾತಿಗೆ ಎಳೆದು ತಂದರೆ, ಸಿದ್ಧರಾಮ ಊರಿನ ಕಾಳಜಿ ಎಲ್ಲ ತಗೊಂಡಿದ್ದ, ತನ್ನ ಒಳಗಿನದನ್ನು ತಗೊಂಡಿರಲಿಲ್ಲ. ಮನೆಮಂದಿಯ ಊಟ, ಔಷಧ, ಫೀ, ಸಾಲ ಎಲ್ಲವನ್ನೂ ಹೊತ್ತ ನಡುವಯಸ್ಸಿನವರಿಗೆ ಈ ಪ್ರಸಂಗ ಇವತ್ತಿಗೂ ತಾಗಬೇಕು.

ಕಾಳಜಿ ಕನ್ನಡಕ್ಕೆ ಇಳಿದ ದಾರಿ ಆಡಳಿತ ಮತ್ತು ಒಡನಾಟದ ದಾರಿ. ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ. ದರಬಾರಿನ ಮಾತು ಮರಾಠಿ, ಸುತ್ತಲಿನ ಮೈಂದರಗಿ, ದುಧನಿ, ನಾಗಣಸೂರು, ತೋಳನೂರಿನಂಥ ಊರುಗಳ ಮಾತು ಕನ್ನಡ. 1818ರಲ್ಲಿ ಪೇಶ್ವೆ ಆಳ್ವಿಕೆ ಮುಗಿದು ಸೊಲ್ಲಾಪುರ ಬ್ರಿಟಿಷರ ಕೈಸೇರಿದ ಮೇಲೂ ಮುಂಬಯಿ ಪ್ರಾಂತ್ಯದ ಕಚೇರಿ, ಶಾಲೆಗಳಲ್ಲಿ ಮರಾಠಿಯೇ ಮುಂದಿತ್ತು. ಧಾರವಾಡದಲ್ಲಿಯೇ ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ಹೋರಾಡಬೇಕಾಯಿತು. ಕೊಡುಕೊಳ್ಳುವಿಕೆ ಒಂದೇ ಕಡೆಯದಾಗಿರಲಿಲ್ಲ. ನಮ್ಮ ತುಪ್ಪ ಅವರಲ್ಲಿ ತೂಪ ಆಯಿತು, ಅವರ ಕಾಳಜೀ ಕೊನೆಯ ದೀರ್ಘ ಬಿಟ್ಟು ನಮ್ಮಲ್ಲಿ ಕಾಳಜಿಯಾಯಿತು. ಕನ್ನಡ ಮರಾಠಿಗಳ ಈ ಹಳೆಯ ನಂಟನ್ನು ಶಂ.ಬಾ. ಜೋಶಿಯವರು ಜೀವಮಾನವಿಡೀ ಅಗೆದು ನೋಡಿದರು. ಮನೆಮಾತು ಮರಾಠಿಯಾಗಿದ್ದ ದ.ರಾ. ಬೇಂದ್ರೆ 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಮರಾಠಿಯಲ್ಲಿ ಓದಿದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಕನ್ನಡದಲ್ಲಿ ಸಿದ್ಧರಾಮ ಪುರಾಣ ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಎರಡು ಭಾಷೆಗಳಲ್ಲಿ ಬದುಕುವುದು ಇಲ್ಲಿ ಮನೆಮನೆಯ ರೂಢಿ.

1956ರ ಏಕೀಕರಣದ ನಂತರ ಉತ್ತರದ ಎಷ್ಟೋ ಮಾತುಗಳು ಪತ್ರಿಕೆ, ಭಾಷಣ, ಸರ್ಕಾರಿ ಪ್ರಕಟಣೆಗಳಲ್ಲಿ ಸೇರಿ ದಕ್ಷಿಣದಲ್ಲೂ ಬೇರೂರಿದವು. ಕಾಳಜಿಯೂ ಶಿಷ್ಟ ಕನ್ನಡದ ಮಾತಾಯಿತು, ಆದರೆ ಅಲ್ಲಿ ನಿಂತದ್ದು ಅದರ ಜೋಪಾನದ ಅರ್ಥ. ಚಿಂತೆಯ ಅರ್ಥ ಉತ್ತರದ ಕಡೆಗೇ ಉಳಿಯಿತು. ಇದರಿಂದ ದಕ್ಷಿಣದ ಕನ್ನಡಕ್ಕೆ ಒಂದು ನಷ್ಟವಾಗಿದೆ. ಜೋಪಾನಕ್ಕೂ ಚಿಂತೆಗೂ ಬೇರು ಒಂದೇ ಎಂಬ ತಿಳಿವು ಆ ಪದದಲ್ಲಿ ಇತ್ತು, ಅದು ಅಲ್ಲಿ ಮಸುಕಾಯಿತು.

ಈ ತಿಳಿವು ಬೇರೆ ನಾಡುಗಳಲ್ಲೂ ಇದೆ. ಲ್ಯಾಟಿನ್ನಿನ "ಕೂರಾ" ಅಂದರೆ ಚಿಂತೆಯೂ ಹೌದು, ಆರೈಕೆಯೂ ಹೌದು. ಇಂಗ್ಲಿಷಿನ ಕ್ಯೂರ್ ಅದರಿಂದ ಬಂತು. ಸೆಕ್ಯೂರ್ ಎಂಬುದೂ ಅದರದೇ ಕುಡಿ, ಚಿಂತೆಯಿಂದ ದೂರವಾದದ್ದು ಎಂದು ಅದರ ಮೂಲಾರ್ಥ. ಹೈಜಿನಸ್ ಎಂಬ ರೋಮನ್ ಕಥೆಗಾರನ ಹೆಸರಿನಲ್ಲಿ ಒಂದು ಕಥೆಯಿದೆ. ಕೂರಾ ಎಂಬ ದೇವತೆ ಹೊಳೆ ದಾಟುವಾಗ ಮಣ್ಣು ಎತ್ತಿ ಮನುಷ್ಯನನ್ನು ಮಾಡಿದಳು, ಜುಪಿಟರ್ ಉಸಿರು ಕೊಟ್ಟ. ಇವನು ಯಾರವನು ಎಂದು ಜಗಳ ಬಂದಾಗ ಶನಿದೇವ ತೀರ್ಪು ಹೇಳಿದ: ಸತ್ತ ಮೇಲೆ ಉಸಿರು ಕೊಟ್ಟವನಿಗೆ ಉಸಿರು, ಮಣ್ಣಿಗೆ ಮೈ, ಬದುಕಿರುವಷ್ಟು ದಿನ ಮಾತ್ರ ಇವನು ಕೂರಾಳವನು. ಜರ್ಮನ್ ತತ್ತ್ವಜ್ಞಾನಿ ಹೈಡೆಗರ್ 1927ರ ತನ್ನ ದೊಡ್ಡ ಗ್ರಂಥದಲ್ಲಿ ಈ ಕಥೆಯನ್ನು ಎತ್ತಿಕೊಂಡ. ಕಾಳಜಿಯಿಲ್ಲದ ಮನುಷ್ಯನಿಲ್ಲ ಎಂಬುದು ಅದರ ಸಾರ. ಯಾರನ್ನಾದರೂ ಪ್ರೀತಿಸಿದವನಿಗೆ ಅವರಿಗೇನಾದೀತೆಂಬ ಅಂಜಿಕೆ ತಪ್ಪದು. ಆದ್ದರಿಂದ ಕಾಳಜಿಯನ್ನು ಬೇರುಸಹಿತ ಕೀಳುವ ಚಿಕಿತ್ಸೆ ಇಲ್ಲ, ಇರಲೂಬಾರದು.

ಈಚಿನ ಒಂದೆರಡು ತಲೆಮಾರುಗಳಲ್ಲಿ ಈ ಪದದ ಪಕ್ಕಕ್ಕೆ ಎರಡು ಮಾತು ಬಂದು ಕೂತವು: ಟೆನ್ಶನ್ ಮತ್ತು ಒತ್ತಡ. ಟೆನ್ಶನ್ನಿನ ಬೇರಿನಲ್ಲಿ ಎಳೆಯುವುದು ಇದೆ, ಒತ್ತಡದಲ್ಲಿ ಒತ್ತುವುದು. ಹಾನ್ಸ್ ಸೆಲ್ಯೆ 1936ರಲ್ಲಿ ಮೈಯ ಮೇಲೆ ಬೀಳುವ ಬಗೆಬಗೆಯ ಹೊಡೆತಗಳಿಗೆ ದೇಹ ಒಂದೇ ರೀತಿಯಲ್ಲಿ ಸ್ಪಂದಿಸುತ್ತದೆಂದು ಬರೆದ ಮೇಲೆ ಸ್ಟ್ರೆಸ್ ಎಂಬುದು ಕ್ರಮೇಣ ಲೋಕದ ಮಾತಾಯಿತು, ಕನ್ನಡದಲ್ಲಿ ಅದಕ್ಕೆ ಒತ್ತಡ ನಿಂತಿತು. ಒತ್ತಡ ಅಂದಾಗ ಹೊರಗೆ ಒತ್ತುವುದೊಂದು ಇದೆ ಎಂದಾಯಿತು. ಸೊಲ್ಲಾಪುರದಲ್ಲಿ ಒತ್ತುವುದಕ್ಕೆ ಕೊರತೆಯಿಲ್ಲ. 1877ರ ಹಳೇ ಗಿರಣಿಯಿಂದ ಶುರುವಾದ ದೊಡ್ಡ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಹೊಟ್ಟೆಪಾಡು ಪವರ್‌ಲೂಮಿಗೆ, ಚಾದರಿಗೆ ಬಂತು. ಸಾವಿರ ಬೀಡಿಗೆ ಇಷ್ಟು ಎಂದು ಕಟ್ಟುವ ಹೆಂಗಸರು ಕನ್ನಡ, ತೆಲುಗು, ಮರಾಠಿ ಆಡುವ ಎಲ್ಲ ಓಣಿಗಳಲ್ಲಿದ್ದಾರೆ. ಹೊಲ ನಂಬಿದವರಿಗೆ ಮಳೆನೆರಳಿನ ನಾಡು, 1972ರ ಬರದ ನೆನಪು.

ಒತ್ತಡ ಹೊರಗಿನಿಂದ ಬರುತ್ತದೆ, ಕಾಳಜಿ ಒಳಗೆ ನಡೆಯುತ್ತದೆ. ಈ ಭೇದ ವೈದ್ಯಕ್ಕೂ ಬೇಕಾದದ್ದು. ಸಾಲ ತೀರಿದರೆ ಸಾಲದ ಒತ್ತಡ ಇಳಿಯುತ್ತದೆ. ಸಾಲ ತೀರಿದ ಮೇಲೂ ಮಗಳ ಪರೀಕ್ಷೆ, ಆಮೇಲೆ ಮಳೆ, ಆಮೇಲೆ ತನ್ನದೇ ಎದೆಬಡಿತ ಎಂದು ಮನಸ್ಸು ಒಂದರಿಂದ ಒಂದಕ್ಕೆ ಹಾರುತ್ತಿದ್ದರೆ ಅದು ಬೇರೆಯೇ ಸಂಗತಿ. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಇದಕ್ಕೆ ಪ್ರತ್ಯೇಕ ಬೇನೆಯ ಹೆಸರು ಕೊಟ್ಟಿತು. ಈಗಿನ ಅಳತೆಯಲ್ಲಿ ಆರು ತಿಂಗಳ ಕಾಲ, ಹೆಚ್ಚಿನ ದಿನಗಳಲ್ಲಿ, ತಡೆಯಲಾಗದ ಅತಿಯಾದ ಕಾಳಜಿ ಇರಬೇಕು. ಜೊತೆಗೆ ಚಡಪಡಿಕೆ, ದಣಿವು, ಮನಸ್ಸು ನಿಲ್ಲದಿರುವುದು, ಸಿಡುಕು, ಸ್ನಾಯುಗಳ ಬಿಗಿತ, ನಿದ್ದೆಗೇಡು ಇವುಗಳಲ್ಲಿ ಮೂರಾದರೂ ಇರಬೇಕು. ಗಡಿಯ ಕನ್ನಡದಲ್ಲಿ ಅದನ್ನು ಎರಡೇ ಪದದಲ್ಲಿ ಹೇಳಬಹುದು: ಕಾಳಜಿ ಹತ್ತೇದ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಕಾಳಜಿ ಹತ್ತಿದವನಿಗೆ ಮನೆಯ ಹಾಸಿಗೆಯಲ್ಲೂ ಇಲ್ಲ.

ಚಿಕಿತ್ಸೆಯ ಕೋಣೆಯಲ್ಲಿ ಏನಾಗುತ್ತದೆ? ಚಿಂತೆಯ ಸ್ವಭಾವವನ್ನೇ ದಶಕಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಥಾಮಸ್ ಬೋರ್ಕೋವೆಕ್ ಎರಡು ವಿಷಯ ಕಂಡುಕೊಂಡರು. ಒಂದು, ಅತಿಯಾದ ಚಿಂತೆ ಹೆಚ್ಚಾಗಿ ಮಾತಿನ ರೂಪದಲ್ಲಿರುತ್ತದೆ, ತಲೆಯೊಳಗೆ ನಿಲ್ಲದೆ ನಡೆಯುವ ಮಾತು. ಎರಡು, ಆ ಮಾತು ಕೆಲಸದಂತೆ ಭಾಸವಾಗುತ್ತದೆ. ಏನೋ ಮಾಡುತ್ತಿದ್ದೇನೆ, ಎಚ್ಚರವಾಗಿದ್ದೇನೆ, ಆದ್ದರಿಂದ ಕೆಟ್ಟದ್ದು ತಪ್ಪೀತು ಎಂಬ ನಂಬಿಕೆ ಅದರ ಕೆಳಗೆ ಇರುತ್ತದೆ. ನಮ್ಮ ಭಾಷೆ ಕಾಳಜಿಗೆ "ಮಾಡು" ಎಂಬ ಕ್ರಿಯಾಪದವನ್ನು ಜೋಡಿಸಿದ್ದು ಎಷ್ಟು ಸರಿಯಾಗಿದೆ! ಕಾಳಜಿ ಮಾಡುವವನು ರಾತ್ರಿಯಿಡೀ ದುಡಿಯುತ್ತಾನೆ, ಬೆಳಗ್ಗೆ ಕೈಯಲ್ಲಿ ಏನೂ ಇರುವುದಿಲ್ಲ.

ಬೋರ್ಕೋವೆಕ್ ಮತ್ತು ಜೊತೆಗಾರರು 1983ರಲ್ಲಿ ಪ್ರಕಟಿಸಿದ ಉಪಾಯ ಸರಳವಾದದ್ದು. ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ ಚಿಂತೆಗೆ ಮೀಸಲು. ಉಳಿದ ಹೊತ್ತಿನಲ್ಲಿ ಅದು ಬಂದರೆ "ಸಂಜೀಕ ನೋಡೂಣು" ಎಂದು ಗುರುತು ಹಾಕಿ ಕೈಯಲ್ಲಿದ್ದ ಕೆಲಸಕ್ಕೆ ಮರಳುವುದು. ಆ ಅರ್ಧ ಗಂಟೆಯಲ್ಲಿ ಕೂತು ಚಿಂತೆಗಳನ್ನು ಎರಡು ಪಾಲು ಮಾಡಬಹುದು. ನಾಳೆ ಬ್ಯಾಂಕಿಗೆ ಹೋಗಿ ಕಂತಿನ ಬಗ್ಗೆ ಕೇಳುವುದು ಕೈಯಲ್ಲಿರುವ ಕೆಲಸ. ಹತ್ತು ವರ್ಷದ ನಂತರ ಮಗನಿಗೆ ನೌಕರಿ ಸಿಗದಿದ್ದರೆ ಎಂಬುದು ಕೈಗೆ ಸಿಗುವ ಕೆಲಸವಲ್ಲ. ಇದರ ಜೊತೆಗೆ ತಪ್ಪಿಸಿಕೊಳ್ಳುತ್ತಿದ್ದುದನ್ನು ಮೆಲ್ಲಗೆ ಎದುರಿಸುವುದು, ಬಿಗಿದ ಮೈಯನ್ನು ಸ್ನಾಯು ಸ್ನಾಯುವಾಗಿ ಸಡಿಲಿಸುವುದು, ಆಗಿಯೇ ತೀರುತ್ತದೆ ಅನ್ನಿಸಿದ್ದಕ್ಕೆ ಸಾಕ್ಷಿ ಕೇಳುವುದು, ಇವು ಕೆಲವು ತಿಂಗಳ ಕಾಲ ವಾರಕ್ಕೊಮ್ಮೆ ಕೂತು ಕಲಿಯುವ ಕೆಲಸ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಅದರ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ಆದ್ದರಿಂದ ನಾಲ್ಕು ದಿನ ನುಂಗಿ ಬಿಟ್ಟುಬಿಡಬಾರದು. ಮುಚ್ಚಿದ ಗಿರಣಿಯನ್ನು ಚಿಕಿತ್ಸೆ ತೆರೆಯಲಾರದು. ಅದರ ಕೆಲಸ ಬೇರೆ: ಕಾಳಜಿ ಮಾಡುವುದರಲ್ಲಿ ಸೋರಿಹೋಗುತ್ತಿದ್ದ ಬಲವನ್ನು ಕಾಳಜಿ ತಗೊಳ್ಳುವುದಕ್ಕೆ ತಿರುಗಿಸುವುದು.

ಚಿಂತೆ ಮಾತಿನಲ್ಲಿ ನಡೆಯುತ್ತದೆ ಎಂದ ಮೇಲೆ ಯಾವ ಭಾಷೆಯ ಮಾತಿನಲ್ಲಿ ಎಂಬುದೂ ಮುಖ್ಯ. ಅಕ್ಕಲಕೋಟೆಯ ಕನ್ನಡಿಗರು ಬಜಾರದಲ್ಲಿ, ತಹಸೀಲಿಯಲ್ಲಿ, ಕೋರ್ಟಿನಲ್ಲಿ ಮರಾಠಿಯನ್ನು ಸಲೀಸಾಗಿ ಆಡುತ್ತಾರೆ. ರಾತ್ರಿ ಮೂರಕ್ಕೆ ಎಚ್ಚರವಾದಾಗ ತಲೆಯೊಳಗೆ ಆಡುವ ಮಾತು ಅವ್ವನ ಮಾತಾಗಿರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೆ ಆಧಾರ ಕೊಡುತ್ತದೆ. ಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಮೊದಲು ಅದರ ವಿವರವನ್ನು ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ರೀತಿಯಲ್ಲಿ ಹೇಳಬೇಕೆಂದು ಅದು ವಿಧಿಸುತ್ತದೆ. ಹೇಳಿಕೊಂಡದ್ದನ್ನು ಗುಟ್ಟಾಗಿ ಇಡಬೇಕೆಂಬುದೂ ಅದರಲ್ಲಿ ಹಕ್ಕಾಗಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು, ದುಡ್ಡು ಬೇಕಿಲ್ಲ. ಬದುಕೇ ಬೇಡ ಅನ್ನಿಸಿದ ಹೊತ್ತಿನಲ್ಲಂತೂ ತಡಮಾಡದೆ ಮಾಡಬೇಕಾದ ಕರೆ ಅದು.

ಹೊಸ ಪದಗಳನ್ನೂ ತೂಗಿ ನೋಡಬೇಕು. ಕೌನ್ಸೆಲಿಂಗಿಗೆ ಮರಾಠಿಯಲ್ಲಿ "ಸಮುಪದೇಶನ", ಕನ್ನಡದಲ್ಲಿ "ಆಪ್ತಸಮಾಲೋಚನೆ". ಮೊದಲನೆಯದರಲ್ಲಿ ಉಪದೇಶ ಕೂತಿದೆ. ಕಾಳಜಿ ಹತ್ತಿದವರಿಗೆ ಉಪದೇಶ ಊರ ತುಂಬ ಪುಕ್ಕಟೆ ಸಿಗುತ್ತದೆ, ಅದು ಸಾಲದೆಂದೇ ಅವರು ಬಾಗಿಲು ತಟ್ಟುತ್ತಾರೆ. ಕನ್ನಡದ ಪದ ಹೆಚ್ಚು ಸರಿಯಾದದ್ದು. ಆಪ್ತರೊಬ್ಬರ ಜೊತೆ ಕೂತು ಯೋಚಿಸುವುದು ಎಂಬ ಅರ್ಥ ಅದರಲ್ಲಿದೆ, ಆದರೆ ಅದು ಉದ್ದವಾಗಿ ಕಚೇರಿಯ ಕಾಗದದಲ್ಲೇ ಉಳಿದಿದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿತು. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಬೇನೆ ಯಾವುದೆಂಬುದರ ಮೇಲೆ ಶೇ. 70ರಿಂದ 92ರವರೆಗೆ ಜನ ಚಿಕಿತ್ಸೆಯಿಂದ ಹೊರಗಿದ್ದರು. ದವಾಖಾನೆ ದೂರ, ತಜ್ಞರು ಕಡಿಮೆ ಎಂಬುದು ನಿಜ. ಹೇಳಿಕೊಳ್ಳುವ ಮಾತು ಸಿಗದೆ ನಿಂತವರೂ ಅವರಲ್ಲಿ ಇದ್ದೇ ಇರುತ್ತಾರೆ.

ಅಕ್ಕಲಕೋಟೆ ಅಂದರೆ ನಾಡಿಗೆಲ್ಲ ಗೊತ್ತಿರುವುದು ಸ್ವಾಮಿ ಸಮರ್ಥರ ಕ್ಷೇತ್ರವೆಂದು. 1856ರಲ್ಲಿ ಇಲ್ಲಿಗೆ ಬಂದ ಅವರು 1878ರಲ್ಲಿ ದೇಹ ಬಿಡುವವರೆಗೆ ಇಲ್ಲಿಯೇ ಇದ್ದರು. ಅಂಜಬೇಡ, ನಾನು ನಿನ್ನ ಬೆನ್ನಿಗಿದ್ದೇನೆ ಎಂಬ ಅವರ ಅಭಯ ರಿಕ್ಷಾಗಳ ಬೆನ್ನ ಮೇಲೂ ಓದಲು ಸಿಗುತ್ತದೆ. ಗುರುವಾರ ವಟವೃಕ್ಷದ ಗುಡಿಯಲ್ಲಿ ಸಾಲುಗಟ್ಟುವವರಲ್ಲಿ ಎಷ್ಟೋ ಜನ ಕಾಳಜಿ ಹತ್ತಿದವರೇ. ಆ ಸಾಲನ್ನು ಕೀಳಾಗಿ ಕಾಣುವುದು ತಪ್ಪು. ಒಂಟಿಯಲ್ಲ ಎಂಬ ಭಾವ ಬಲ ಕೊಡುತ್ತದೆ. ಚರಕಸಂಹಿತೆ ಮೂರು ಬಗೆಯ ಚಿಕಿತ್ಸೆ ಹೇಳುವಾಗ ದೇವರನ್ನು ಆಶ್ರಯಿಸುವುದು, ಯುಕ್ತಿಯಿಂದ ಔಷಧ ಆಹಾರ ಕೊಡುವುದು, ಮನಸ್ಸನ್ನು ಅಹಿತದಿಂದ ಹಿಂದೆಗೆಯುವ ಸತ್ವಾವಜಯ ಎಂದು ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟಿತು. ಒಂದಕ್ಕೆ ಹೋದವರು ಇನ್ನೊಂದಕ್ಕೆ ಹೋಗಬಾರದೆಂದು ಹೇಳಲಿಲ್ಲ. ಗುಡಿಯಲ್ಲಿ ಕೈಮುಗಿದು ಬಂದವರು ಸೊಲ್ಲಾಪುರದ ಸಿವಿಲ್ ಹಾಸ್ಪಿಟಲ್ಲಿನ ಮನೋವೈದ್ಯರ ಮುಂದೆ ಕೂತರೆ ಭಕ್ತಿಗೆ ಕೊರತೆಯಾಗುವುದಿಲ್ಲ.

ದೊಡ್ಡವರಿಗೆ ಇದು ಕಷ್ಟವಾಗುವುದಕ್ಕೆ ಭಾಷೆಯಲ್ಲೇ ಒಂದು ಕಾರಣ ಕಾಣುತ್ತದೆ. "ಕಾಳಜಿ ತಗೊಳ್ಳೂದು" ಎಂಬುದನ್ನು ನಾವು ಬೇರೆಯವರ ವಿಷಯದಲ್ಲಿ ಬಳಸಿ ಬಳಸಿ ರೂಢಿ ಮಾಡಿಕೊಂಡಿದ್ದೇವೆ. ಅತ್ತೆಯ ಕಾಳಜಿ, ಮಕ್ಕಳ ಕಾಳಜಿ, ದನದ ಕಾಳಜಿ. "ನನ್ನ ಕಾಳಜಿ ನಾ ತಗೋತೀನಿ" ಅನ್ನುವ ಮಾತು ಬಾಯಿಗೆ ಬರುವುದೇ ಇಲ್ಲ, ಬಂದರೂ ಸ್ವಾರ್ಥದಂತೆ ಕೇಳುತ್ತದೆ. ಆದರೆ ಆ ಕ್ರಿಯಾಪದದ ನೇರ ಅರ್ಥ ಪಡೆಯುವುದು. ಮರಾಠಿಯ "ಘೇಣೆ" ಎಂಬುದಕ್ಕೂ ಅದೇ ಅರ್ಥ. ಕೊಡುವ ಕೆಲಸಕ್ಕೆ ಎರಡೂ ಭಾಷೆಗಳು ಪಡೆಯುವ ಕ್ರಿಯಾಪದವನ್ನು ಇಟ್ಟಿವೆ. ಯಾರಿಂದಲೂ ಪಡೆಯದವರು ಬಹಳ ದಿನ ಕೊಡಲಾರರು. ಮನೆಯ ಹಿರಿಯ ಕಾಕಾನಿಗೆ ಎದೆ ಧಡಧಡ ಅಂದರೆ, ಅಕ್ಕನಿಗೆ ವರ್ಷದಿಂದ ನಿದ್ದೆಯಿಲ್ಲವಾದರೆ, "ಕಾಳಜಿ ಮಾಡಬ್ಯಾಡ" ಎಂದು ನಿಲ್ಲಿಸದೆ "ಬರ್ರಿ, ನಿಮ್ಮ ಕಾಳಜಿ ತಗೊಳ್ಳೂಣು, ನಾನೂ ಬರ್ತೀನಿ" ಅನ್ನುವುದು ಮನೆಯವರ ಕೆಲಸ.

ಊರಿನದೂ ಒಂದು ಕೆಲಸವಿದೆ. ಅಕ್ಕಲಕೋಟೆ, ದುಧನಿ, ಮೈಂದರಗಿಯ ಸರ್ಕಾರಿ ದವಾಖಾನೆಗಳಲ್ಲಿ ಈ ಚಿಕಿತ್ಸೆಯ ಬಾಗಿಲ ಮೇಲೆ ಎರಡು ಲಿಪಿಯಲ್ಲಿ ಒಂದೇ ಮಾತು ಬರೆಸಬಹುದು. ಮರಾಠಿಯಲ್ಲಿ "ಮನಾಚೀ ಕಾಳಜೀ", ಕನ್ನಡದಲ್ಲಿ "ಮನಸ್ಸಿನ ಕಾಳಜಿ". ಆಶಾ ಕಾರ್ಯಕರ್ತೆ ಮನೆಮನೆಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆಯೂ ಅದರಲ್ಲೇ ಇದೆ: "ಕಾಳಜಿ ಭಾಳ ಹತ್ತೇದೇನವ್ವಾ?" ಇದಕ್ಕೆ ಅನುವಾದ ಬೇಕಿಲ್ಲ, ತಜ್ಞರ ಸಮಿತಿ ಬೇಕಿಲ್ಲ. ಬೇನೆಗೂ ಆರೈಕೆಗೂ ಎರಡೂ ಭಾಷೆಯವರು ಒಪ್ಪಿದ ಒಂದೇ ಹೆಸರು ಈ ಗಡಿಯಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಆ ಹೆಸರನ್ನು ಬಾಗಿಲ ಮೇಲೆ ಬರೆಸಿ, ಒಳಗೆ ಕನ್ನಡವನ್ನೂ ಮರಾಠಿಯನ್ನೂ ಕೇಳಿಸಿಕೊಳ್ಳಬಲ್ಲ ಒಬ್ಬರನ್ನು ಕೂರಿಸುವುದು ಆಡಳಿತದ ಕರ್ತವ್ಯ. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು.